ಸುಣ್ಣದ ಗೂಡಿನ ಬಾಯಲ್ಲಿ ನಿದ್ದೆ ಹೋದವರು

ಕಟ್ಟಡದ ಕೆಲಸಕ್ಕೆ ಹೊಸದಾಗಿ ಸೇರಿದವರು ಹೊಸಪೇಟೆಯ ನಮ್ಮ ಮನೆಗೆ ಬಂದರೆ ಗಾರೆಯ ಹದ, ಅಡಿಪಾಯದ ಆಳ, ಮೇಲಧಿಕಾರಿಗಳ ಸ್ವಭಾವ ಇಂಥವನ್ನು ಕೇಳುತ್ತಾರೆ. ಕಳೆದ ತಿಂಗಳು ಬಂದ ಒಬ್ಬರು ಬೇರೆಯದನ್ನೇ ಕೇಳಿದರು: "ಆಳು ಕೆಲಸದ ಮ್ಯಾಲೆ ಮಲಗಿಬಿಟ್ರ ನೀವು ಏನ್ ಮಾಡ್ತಿದ್ರಿ?" ಎಬ್ಬಿಸುತ್ತಿದ್ದೆ ಎಂದೆ. ಅವರು ನಕ್ಕು ಕಾಫಿ ಕುಡಿದು ಹೋದರು. ಅದು ಪೂರ್ತಿ ಉತ್ತರವಲ್ಲ. ಪೂರ್ತಿ ಉತ್ತರವನ್ನು ಇಲ್ಲಿ ಬರೆದಿಡುತ್ತೇನೆ.

ನಾನು ಮದ್ರಾಸ್ ಸರ್ಕಾರದ ಕಾಲದಲ್ಲಿ ಓವರ್‌ಸಿಯರ್ ಆಗಿ ಸೇರಿದವನು. ಸೇವೆಯ ಬಹುಭಾಗ ಕಂಪ್ಲಿ ಮತ್ತು ಸಂಡೂರಿನ ದಾರಿಗಳ ಸೇತುವೆ, ಮೋರಿಗಳ ಮೇಲೆ ಕಳೆಯಿತು. ನಡುವೆ ಮೂರು ವರ್ಷ ಹಂಪಿಯ ಹಾಳು ಕಟ್ಟಡಗಳ ರಿಪೇರಿಗೆ ಹಾಕಿದ್ದರು. ನನ್ನ ಮೊದಲ ಮೇಲಧಿಕಾರಿ ದಿನದ ಡೈರಿ ಬರೆಯುವುದನ್ನು ಕಟ್ಟುನಿಟ್ಟಾಗಿ ಕಲಿಸಿದ್ದರು. ನೋಡಿದ್ದನ್ನು ನೋಡಿದೆ ಎಂದು ಬರೆಯಬೇಕು, ಕೇಳಿದ್ದನ್ನು ಕೇಳಿದೆ ಎಂದು ಬರೆಯಬೇಕು, ಪ್ರತಿಯೊಂದಕ್ಕೂ ಗಂಟೆ ಹಾಕಬೇಕು. ಡೈರಿಯಲ್ಲಿ 'ಭಯಂಕರ' ಎಂಬ ಮಾತು ಕಂಡರೆ ಅವರ ಕೆಂಪು ಶಾಯಿ ಅದರ ಮೇಲೆ ಹರಿಯುತ್ತಿತ್ತು. ಇದನ್ನೂ ಅದೇ ಕ್ರಮದಲ್ಲಿ ಬರೆಯಲು ಪ್ರಯತ್ನಿಸುತ್ತೇನೆ.

ಮಲಗಿದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಮರಿಯಮ್ಮನಹಳ್ಳಿ ದಾರಿಯಲ್ಲಿ ಒಬ್ಬ ಕಲ್ಲುಕುಟಿಗ ಉಳಿ ಹಿಡಿದುಕೊಂಡೇ ನಿದ್ದೆ ಹೋಗುತ್ತಿದ್ದ. ಸುತ್ತಿಗೆ ಮಾತ್ರ ಆಗಾಗ ಒಂದು ಏಟು ಹಾಕುತ್ತಿತ್ತು. ಗಾದಿಗನೂರಿನಿಂದ ಸುಣ್ಣಕಲ್ಲು ತರುತ್ತಿದ್ದ ಬಂಡಿಯವರು ಎತ್ತುಗಳನ್ನು ನಂಬಿ ಮಲಗುತ್ತಿದ್ದರು. ಎತ್ತುಗಳು ಅವರನ್ನು ಕೆಲಸದ ಜಾಗಕ್ಕೇ ತಂದು ನಿಲ್ಲಿಸುತ್ತಿದ್ದವು. ಇವರನ್ನೆಲ್ಲ ಬೈದು, ಹೆಚ್ಚೆಂದರೆ ಅರ್ಧ ದಿನದ ಹಾಜರಿ ಕಡಿದು ಬಿಟ್ಟಿದ್ದೇನೆ. ಒಬ್ಬನ ವಿಷಯದಲ್ಲಿ ಮಾತ್ರ ಅಷ್ಟಕ್ಕೆ ಮುಗಿಯಲಿಲ್ಲ. ಅವನು ಕಂಪ್ಲಿಯ ಸುಣ್ಣಗಾರ ಕೆಂಚಪ್ಪ.

ಹಳೆಯ ಕಟ್ಟಡಗಳ ರಿಪೇರಿಗೆ ಸಿಮೆಂಟು ಬಳಸುವಂತಿರಲಿಲ್ಲ. ಸುಣ್ಣವನ್ನು ಅಲ್ಲೇ ಸುಟ್ಟು, ಅರೆದು, ಗಾರೆ ಮಾಡಬೇಕಾಗಿತ್ತು. ಆ ಸೀಮೆಯಲ್ಲಿ ಕೆಂಚಪ್ಪನಷ್ಟು ಚೆನ್ನಾಗಿ ಗೂಡು ಸುಡುವವರು ಇನ್ನೊಬ್ಬರಿರಲಿಲ್ಲ. ಐವತ್ತು ದಾಟಿದ ಮನುಷ್ಯ. ಹುಬ್ಬಿನ ಕೂದಲು ಸುಟ್ಟುಹೋಗಿ ಮುಖ ಸದಾ ಆಶ್ಚರ್ಯಪಟ್ಟಂತೆ ಕಾಣುತ್ತಿತ್ತು. ಅವನ ಜೊತೆಗೆ ಭಾವಮೈದುನ ಹುಲುಗಪ್ಪ ಇದ್ದ, ದೊಡ್ಡ ಮಾತುಗಾರ.

ಮೊದಲು ಗೂಡು ಬಯಲಿನಲ್ಲಿತ್ತು. ಆ ವರ್ಷ ಹೊಸದಾಗಿ ಬಂದ ಸಬ್‌ ಡಿವಿಜನ್ ಅಧಿಕಾರಿ ಶೇಷಾಚಲಂ ಅವರು ಅದನ್ನು ಮರೆಗೆ ಸಾಗಿಸಲು ಹೇಳಿದರು. ಮದ್ರಾಸಿನಿಂದ ದೊಡ್ಡವರು ಹಾಳು ಕಟ್ಟಡಗಳನ್ನು ನೋಡಲು ಬರುವುದಿತ್ತು. ಹೊಗೆ, ಬೂದಿ ಅವರ ಕಣ್ಣಿಗೆ ಬೀಳಬಾರದು. ಬಂಡೆಗಳ ಹಿಂದೆ ಒಂದು ತಗ್ಗು, ಆ ತಗ್ಗಿಗೆ ಅಂಟಿಕೊಂಡು ನೆಲದೊಳಗೆ ಕಟ್ಟಿದ ಒಂದು ಕಲ್ಲಿನ ಕೋಣೆ ಇತ್ತು. ಇಳಿಯಲು ಒಂಬತ್ತು ಮೆಟ್ಟಿಲು. ಯಾವ ಕಾಲದ್ದು, ಯಾತಕ್ಕೆ ಕಟ್ಟಿದ್ದು ಎಂದು ಯಾರಿಗೂ ಗೊತ್ತಿರಲಿಲ್ಲ. ಗೂಡನ್ನು ತಗ್ಗಿನಲ್ಲಿ ಕಟ್ಟಿ, ಅದರ ಬಾಯಿಯನ್ನು ಈ ಕೋಣೆಯೊಳಗೆ ತೆರೆದೆವು. ಗೂಡು ಸುಡುವ ಮೂರು ದಿನವೂ ಸರದಿಯ ಮೇಲೆ ಒಬ್ಬರು ಒಳಗೆ ಕುಳಿತು ಬಾಯಿಯ ಕಲ್ಲನ್ನು ಸರಿಸುತ್ತ, ಮುಚ್ಚುತ್ತ ಉರಿಯನ್ನು ಹದದಲ್ಲಿ ಇಡಬೇಕು. ಹದ ತಪ್ಪಿದರೆ ಕಲ್ಲು ಅರೆಬೆಂದು ಇಡೀ ಗೂಡು ಹಾಳು.

ಮೊದಲ ಸಲ ಸುಡುವಾಗ ಹೋಗಿ ನೋಡಿದೆ. ಕೆಂಚಪ್ಪ ಕೆಳಗೆ ಕುಳಿತಿದ್ದ. ಅವನ ಸೊಂಟಕ್ಕೆ ಹಗ್ಗ ಕಟ್ಟಿತ್ತು. ಹಗ್ಗದ ಇನ್ನೊಂದು ತುದಿ ಮೇಲಿನ ಮೆಟ್ಟಿಲಿನಲ್ಲಿ ಕುಳಿತ ಹುಲುಗಪ್ಪನ ಕೈಯಲ್ಲಿತ್ತು. ಅವನು ಎಲೆಅಡಿಕೆ ಜಗಿಯುತ್ತ ಆಗಾಗ ಹಗ್ಗ ಜಗ್ಗುತ್ತಿದ್ದ. ಕೆಳಗಿನಿಂದ ಕೆಂಚಪ್ಪ ಒಮ್ಮೆ ತಿರುಗಿ ಜಗ್ಗುತ್ತಿದ್ದ. ಇಷ್ಟೇ ಹುಲುಗಪ್ಪನ ಕೆಲಸ.

"ಇದೇನೋ ಆಟ?" ಎಂದೆ.

"ಆಟ ಅಲ್ರೀ ಸಾಹೇಬ್ರ, ಹಗ್ಗ ಹಿಡಿಯೋದು," ಎಂದ ಹುಲುಗಪ್ಪ. "ತಗ್ಗಿನ ಗೂಡಿಗೆ ಒಬ್ಬರನ್ನ ಇಳಿಸಬಾರದ್ರೀ. ನಮ್ಮ ಅಪ್ಪ, ಅಜ್ಜ ಎಲ್ಲಾ ಹಿಂಗ ಮಾಡಿದ್ದು."

"ಯಾಕ?"

"ಯಾಕ ಅಂದ್ರ ಹಿಂಗ ಮಾಡಿದ್ರು ಅಂತ."

ಮೂರು ದಿನ ಒಬ್ಬ ಆಳು ಮೆಟ್ಟಿಲ ಮೇಲೆ ಕೂರುವುದು ನನ್ನ ಲೆಕ್ಕದಲ್ಲಿ ಸೋಮಾರಿತನ. ಹಗ್ಗ ಬಿಚ್ಚಿಸಿ ಹುಲುಗಪ್ಪನನ್ನು ಕಲ್ಲು ಹೊರಲು ಕಳಿಸಿದೆ. ಕೆಂಚಪ್ಪ ವಾದ ಮಾಡಲಿಲ್ಲ. "ನಿಮ್ಮ ಮಾತು ಮೀರಂಗಿಲ್ರಿ. ಆದ್ರ ಆ ಜಾಗ ಚಲೋ ಜಾಗ ಅಲ್ರಿ," ಎಂದಷ್ಟೇ ಹೇಳಿದ. ಡೈರಿಯಲ್ಲಿ ನಾನು "ಒಂದು ಆಳಿನ ಉಳಿತಾಯ" ಎಂದು ಬರೆದೆ. ನನ್ನ ಸೇವೆಯ ಅತಿ ದೊಡ್ಡ ತಪ್ಪು ಯಾವುದೆಂದು ಕೇಳಿದರೆ ಆ ಸಾಲನ್ನು ತೋರಿಸುತ್ತೇನೆ.

ಮರುದಿನ ಮಧ್ಯಾಹ್ನ ಕೆಂಚಪ್ಪ ಒಳಗೆ ನಿದ್ದೆ ಹೋಗಿದ್ದ. ನಾನೇ ಕಂಡೆ. ಹಾಸಿದ ಗೋಣಿಚೀಲ ಇಬ್ಬರು ಮಲಗುವಷ್ಟು ಅಗಲವಾಗಿತ್ತು. ಅವನು ಅದರ ಒಂದೇ ಅಂಚಿಗೆ, ಗೋಡೆಗೆ ಮುಖ ಒತ್ತಿಕೊಂಡು ಮಲಗಿದ್ದ. ಮುಖ ಕೆಂಪಗಾಗಿತ್ತು. ಎಬ್ಬಿಸಲು ಬಹಳ ಹೊತ್ತು ಹಿಡಿಯಿತು. ಎದ್ದವನು ತಲೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಹೊರಗೆ ಬಂದು ವಾಂತಿ ಮಾಡಿದ. ಕುಡಿದಿದ್ದಾನೆ ಎಂದುಕೊಂಡು ಮೂಸಿ ನೋಡಿದೆ. ಹೆಂಡದ ವಾಸನೆ ಇರಲಿಲ್ಲ. ಮೊದಲ ಎಚ್ಚರಿಕೆ ಬರೆದುಕೊಂಡೆ.

ಎರಡನೆಯ ಗೂಡಿನಲ್ಲಿ ಹುಲುಗಪ್ಪನ ಸರದಿ ಬಂದಾಗ ಅವನೂ ಮಲಗಿದ. ಅದೂ ಹಗಲಿನಲ್ಲೇ, ಅದೇ ಗೋಡೆಗೆ ಒತ್ತಿಕೊಂಡು. ಎಬ್ಬಿಸಿ, ಗೋಣಿಚೀಲ ಅಷ್ಟಗಲ ಇದ್ದರೂ ಅಂಚಿಗೆ ಯಾಕೆ ಮಲಗಿದೆ ಎಂದು ಕೇಳಿದೆ.

"ಆಕಡೆ ಸರೀ ಅಂದ್ರು, ಸರದೆ," ಎಂದ.

"ಯಾರು ಅಂದ್ರು?"

"ಯಾರರೀ?" ಎಂದು ನನ್ನನ್ನೇ ಕೇಳಿದ. ತಾನು ಹೇಳಿದ್ದು ಅವನಿಗೆ ನೆನಪಿರಲಿಲ್ಲ. ಅಂದಿನಿಂದ ಆ ಮಾತುಗಾರ ಗೂಡಿನ ಹತ್ತಿರ ಬಾಯಿ ಬಿಡುವುದನ್ನು ನಿಲ್ಲಿಸಿದ.

ಮೂರನೆಯ ಗೂಡಿನಲ್ಲಿ ಮತ್ತೆ ಕೆಂಚಪ್ಪ ಮಲಗಿದ. ಈ ಸಲ ಕಂಡವರು ಶೇಷಾಚಲಂ. ಅವರ ನಿಯಮ ಸರಳವಾಗಿತ್ತು: ಮೊದಲ ಸಲಕ್ಕೆ ಎಚ್ಚರಿಕೆ, ಎರಡನೆಯ ಸಲಕ್ಕೆ ಕೆಲಸದಿಂದ ತೆಗೆದು, ಹಾಜರಿ ಪುಸ್ತಕದಲ್ಲಿ ಹೆಸರಿನ ಮುಂದೆ ಕಾರಣ ಬರೆಯುವುದು. ಕೆಟ್ಟ ಮನುಷ್ಯರಲ್ಲ ಅವರು. ಅನಂತಪುರದ ಕಡೆಯವರು, ಲೆಕ್ಕಕ್ಕೆ ನಿಂತರೆ ತಮ್ಮ ತಮ್ಮನನ್ನೂ ಬಿಡದವರು.

ಅಂದು ಕೆಂಚಪ್ಪ ನನ್ನ ಬಳಿಗೆ ಬಂದು ನಿಂತ.

"ಸಾಹೇಬ್ರ, ತಗದ್ರ ತಗೀರಿ. 'ಮಲಗಿದ' ಅಂತ ಬರೀಬ್ಯಾಡ್ರಿ."

"ಮಲಗಿದ್ದು ಖರೇ ಹೌದಲ್ಲೋ?"

"ಸುಣ್ಣಗಾರ ಗೂಡಿನ ಬಾಯಾಗ ಮಲಗಿದ ಅಂದ್ರ ಮುಗೀತ್ರಿ. ಕಂಪ್ಲಿಯಾಗ, ಹೊಸಪೇಟ್ಯಾಗ ಯಾರೂ ಗೂಡು ಕೊಡಂಗಿಲ್ಲ. ನನ್ನ ಸುಣ್ಣ ಅರೆಬೆಂದ ಸುಣ್ಣ ಅಂತಾರ. ನಲವತ್ತು ವರ್ಷ ಸುಟ್ಟೀನ್ರಿ, ಒಂದು ಗೂಡು ಕೆಡಿಸಿಲ್ಲ. ಆ ಕೋಣ್ಯಾಗ ನಿದ್ದಿ ನಮ್ಮದಲ್ರಿ. ಅಲ್ಲಿ ಇರೋದದು."

ಕೋಣೆಯಲ್ಲಿ ನಿದ್ದೆ ಇರುತ್ತದೆ ಎಂಬುದನ್ನು ವರದಿಯಲ್ಲಿ ಬರೆಯಲು ಬರುವುದಿಲ್ಲ. ಆದರೆ ಪರೀಕ್ಷೆ ಮಾಡಲು ಬರುತ್ತದೆ. ಶೇಷಾಚಲಂ ಅವರಿಗೆ ಹೇಳಿದೆ: ನಾಳೆ ಹನ್ನೊಂದೂವರೆಯಿಂದ ಒಂದೂವರೆಯವರೆಗೆ ನಾನೇ ಒಳಗೆ ಕೂರುತ್ತೇನೆ. ಲಾಂದ್ರ, ಗಡಿಯಾರ, ಡೈರಿ ಇಟ್ಟುಕೊಂಡು ಕಾಲು ಗಂಟೆಗೊಮ್ಮೆ ಬರೆಯುತ್ತೇನೆ. ನನಗೆ ನಿದ್ದೆ ಬಂದರೆ ತಪ್ಪು ಜಾಗದ್ದು, ಬರದಿದ್ದರೆ ಕೆಂಚಪ್ಪನದು. ಅವರಿಗೆ ಇದು ಹಿಡಿಸಿತು. "ಬರಹದಲ್ಲಿ ಇರಲಿ. ಬಾಯಿಮಾತು ನನಗೆ ಬೇಡ," ಎಂದರು.

ಮರುದಿನ ಇಳಿಯುವ ಮೊದಲು ಕೆಂಚಪ್ಪ ಹಗ್ಗ ಹಿಡಿದು ಬಂದ.

"ಸೊಂಟಕ್ಕೆ ಕಟ್ಟತೀನ್ರಿ."

"ನಾನೇನು ಎಮ್ಮೇನೋ? ಸರೀ ಆಕಡೆ."

"ಎಮ್ಮಿ ಆಗಿದ್ರ ಕೇಳದ ಕಟ್ಟತಿದ್ದೆ," ಎಂದ ಕೆಂಚಪ್ಪ. ಸುತ್ತಲಿದ್ದವರು ನಕ್ಕರು. ನಾನು ನಗಲಿಲ್ಲ. ಹಗ್ಗವಿಲ್ಲದೆ ಇಳಿದೆ.

ಮುಂದಿನದರಲ್ಲಿ ನನಗೆ ನೆನಪಿರುವುದು ಇಷ್ಟು. ಒಳಗೆ ಸೆಖೆ ಇತ್ತು, ಹೊಗೆ ಇರಲಿಲ್ಲ. ಒಂದು ಹಲಗೆಯ ಮೇಜು, ಒಂದು ಸ್ಟೂಲು. ಹನ್ನೊಂದೂವರೆಗೆ ಬರೆದೆ. ಹನ್ನೊಂದೂ ಮುಕ್ಕಾಲಿಗೆ ಬರೆದೆ. ಗೂಡಿನ ಕಲ್ಲನ್ನು ಕೆಂಚಪ್ಪ ತೋರಿಸಿಕೊಟ್ಟಂತೆ ಅರ್ಧ ಮುಚ್ಚಿದೆ. ಹನ್ನೆರಡಕ್ಕೆ ಬರೆದೆ. ಸ್ವಲ್ಪ ತಲೆನೋವು ಇತ್ತು, ಆದರೆ ಮನಸ್ಸು ಎಂದೂ ಇಲ್ಲದಷ್ಟು ಸ್ಪಷ್ಟವಾಗಿತ್ತು. ಲಾಂದ್ರದ ಬೆಳಕಿನಲ್ಲಿ ಗೋಡೆಯ ಕಲ್ಲುಗಳ ಸಂದುಗಳನ್ನು ಎಣಿಸಿದ್ದು ನೆನಪಿದೆ. ಅದರ ನಂತರ ನೆನಪಿರುವುದು ಹುಣಸೆಮರದ ಎಲೆಗಳು, ಅವುಗಳ ನಡುವೆ ಆಕಾಶ, ಮುಖದ ಮೇಲೆ ನೀರು. ನಡುವೆ ಏನೂ ಇಲ್ಲ. ನಿದ್ದೆ ಬಂದ ನೆನಪೂ ಇಲ್ಲ.

ನಡುವಿನದನ್ನು ಕೆಂಚಪ್ಪ ಹೇಳಿದ. ಇದು ಕೇಳಿದ್ದು.

ಒಂದು ಗಂಟೆಗೆ ಊಟದ ಜಾಗಟೆ ಹೊಡೆದಾಗ ಅವನು ಮೇಲಿನ ಮೆಟ್ಟಿಲಿನಿಂದ ಕೂಗಿದನಂತೆ. ಒಳಗಿನಿಂದ ನಾನು "ಹ್ಞೂಂ" ಎಂದೆನಂತೆ. ಸ್ವಲ್ಪ ತಡೆದು ಮತ್ತೆ ಕೂಗಿದ. ಮತ್ತೆ "ಹ್ಞೂಂ". ಮೂರನೆಯ ಸಲ ಕೂಗಿದಾಗ ಒಳಗಿನಿಂದ "ಬಾರಪ್ಪಾ, ಜಾಗ ಐತಿ" ಎಂದು ಕೇಳಿಸಿತು.

"ದನಿ ನಿಮ್ದೇ ಐತ್ರಿ. ಆದ್ರ ನೀವು ನನಗ ಯಾವತ್ತು 'ಅಪ್ಪಾ' ಅಂದೀರಿ? 'ಲೇ ಕೆಂಚ' ಬಿಟ್ರ ಇನ್ನೊಂದು ಗೊತ್ತಿಲ್ಲ ನಿಮಗ. ಆವಾಗ ಹಗ್ಗ ನನ್ನ ಸೊಂಟಕ್ಕ ಕಟಗೊಂಡು, ತುದಿ ಹುಲಗ್ಯಾನ ಕೈಯಾಗ ಕೊಟ್ಟು, ಉಸಿರು ಬಿಗಿಹಿಡಿದು ಇಳದೆ."

"ನಾನು ಹೆಂಗ ಇದ್ದೆ?"

"ದೀಪ ಆರಿತ್ರಿ. ಗಾಜು ಮುಟ್ಟಿದ್ರ ತಣ್ಣಗ. ಮ್ಯಾಲಿಂದ ಬಂದ ಬೆಳಕಿನ್ಯಾಗ ಒಂದೀಟು ಕಂಡ್ರಿ. ಸ್ಟೂಲಿನ ತುದಿಗೆ ಸರದು ಕುಂತಿದ್ರಿ. ತಲಿ ಮೇಜಿನ ಮ್ಯಾಲೆ ಇತ್ತು. ಕಣ್ಣು ಮುಚ್ಚಿತ್ತು. ಗೊರಕಿ ಹೊಡೀತಿದ್ರಿ." ನಂತರ ದನಿ ತಗ್ಗಿಸಿದ. "ಕೈ ಬರೀತಿತ್ರಿ."

ಅವನು ಪೆನ್ಸಿಲು ಕಿತ್ತುಕೊಂಡು, ಡೈರಿಯನ್ನು ಬಗಲಲ್ಲಿ ಸಿಕ್ಕಿಸಿಕೊಂಡು, ನನ್ನನ್ನು ಹೆಗಲ ಮೇಲೆ ಹಾಕಿಕೊಂಡು ಹಗ್ಗ ಜಗ್ಗಿದ. ಹುಲುಗಪ್ಪ ಮತ್ತು ಇನ್ನಿಬ್ಬರು ಎಳೆದುಕೊಂಡರು. ಮರದ ಕೆಳಗೆ ನಾನು ಎದ್ದು ಕೂರುವ ಹೊತ್ತಿಗೆ ಶೇಷಾಚಲಂ ಕುದುರೆಗಾಡಿಯಿಂದ ಇಳಿದರು. ಇದು ನನಗೆ ಚೆನ್ನಾಗಿ ನೆನಪಿದೆ. ಅವರು ಗಡಿಯಾರ ತೆಗೆದು ನೋಡಿ, "ಒಂದೂವರೆ. ಇಬ್ಬರೂ ಮರದ ಕೆಳಗೆ ಕುಳಿತಿದ್ದೀರಿ. ಒಳ್ಳೆಯ ಪರೀಕ್ಷೆ!" ಎಂದರು. ಅವರಿಗೆ ಉತ್ತರಿಸಲು ನನ್ನ ನಾಲಿಗೆ ಹೊರಳಲಿಲ್ಲ. ಡೈರಿಯನ್ನು ತೆಗೆದುಕೊಂಡು, ಬೆಳಿಗ್ಗೆ ಬಂಗಲೆಗೆ ಬರಲು ಹೇಳಿ ಹೋದರು.

ಅಂದು ನನ್ನನ್ನು ಬಂಡಿಯಲ್ಲಿ ಹೊಸಪೇಟೆಯ ಡಾಕ್ಟರಲ್ಲಿಗೆ ಕರೆದೊಯ್ದರು. ಗೂಡಿನ ಕೆಟ್ಟ ಗಾಳಿ ಭಾರವಾದದ್ದು, ನೀರಿನಂತೆ ತಗ್ಗಿಗೆ ಇಳಿದು ನಿಲ್ಲುತ್ತದೆ, ಬಣ್ಣವಿಲ್ಲ, ವಾಸನೆಯಿಲ್ಲ, ಕುಳಿತವನಿಗೆ ತಾನು ಮಂಕಾಗುತ್ತಿರುವುದು ತಿಳಿಯುವುದಿಲ್ಲ ಎಂದು ಅವರು ಹೇಳಿದರು. ಇನ್ನು ಕಾಲು ಗಂಟೆ ಒಳಗಿದ್ದರೆ ಏಳುತ್ತಿರಲಿಲ್ಲ ಎಂದರು. ಅವರ ಮಾತನ್ನು ನಾನು ಅಂದೂ ಒಪ್ಪಿದೆ, ಇಂದೂ ಒಪ್ಪುತ್ತೇನೆ.

ಬೆಳಿಗ್ಗೆ ಕಮಲಾಪುರದ ಬಂಗಲೆಗೆ ಹೋದೆ. ಕೆಂಚಪ್ಪ ಹೊರಗೆ ಜಗಲಿಯ ಕೆಳಗೆ ನಿಂತ. ಡಾಕ್ಟರು ಹೇಳಿದ್ದನ್ನು, ಕೆಂಚಪ್ಪ ಹೇಳಿದ್ದನ್ನು ಶೇಷಾಚಲಂ ಅವರಿಗೆ ಹೇಳಿದೆ. ಅವರು ಸಮಾಧಾನದಿಂದ ಕೇಳಿ ನನ್ನ ಡೈರಿಯನ್ನು ನನ್ನ ಕಡೆಗೆ ತಿರುಗಿಸಿದರು.

"ಡಾಕ್ಟರು ಅಲ್ಲಿ ಇರಲಿಲ್ಲ. ನೀವು ಇದ್ದಿರಿ. ಓದಿ."

ಡೈರಿ ಇಂಗ್ಲಿಷಿನಲ್ಲಿತ್ತು. ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ. ಹನ್ನೆರಡರವರೆಗಿನ ಮೂರು ಸಾಲು ನಾನು ಬರೆದದ್ದು. ಅದರ ಕೆಳಗೆ ಹೀಗಿತ್ತು:

"೧೨.೧೫. ಎಚ್ಚರ. ದೀಪ ಸರಿಯಾಗಿದೆ.
೧೨.೩೦. ಎಚ್ಚರ. ದೀಪ ಸರಿಯಾಗಿದೆ. ಗಾಳಿ ಚೆನ್ನಾಗಿದೆ.
೧೨.೪೫. ಎಚ್ಚರ. ತಲೆನೋವು ಹೋಗಿದೆ.
೧.೦೦. ಎಚ್ಚರ. ಇಲ್ಲಿ ನಿದ್ದೆಗೆ ಯಾವ ಕಾರಣವೂ ಕಾಣುವುದಿಲ್ಲ."

ಅಕ್ಷರ ನನ್ನದು. ಸಾಲುಗಳು ಗೆರೆ ಎಳೆದಂತೆ ನೇರವಾಗಿದ್ದವು. ಮೇಲಿನ ಮೂರಕ್ಕೂ ಕೆಳಗಿನ ನಾಲ್ಕಕ್ಕೂ ಬರಹದಲ್ಲಿ ವ್ಯತ್ಯಾಸವಿರಲಿಲ್ಲ.

"ನಿಮ್ಮ ಕೈಯಲ್ಲೇ ಸರ್ಟಿಫಿಕೇಟು ಕೊಟ್ಟಿದ್ದೀರಿ," ಎಂದರು ಶೇಷಾಚಲಂ. ಆದೇಶದ ಕಾಗದ ಮೇಜಿನ ಮೇಲೆ ಸಿದ್ಧವಾಗಿತ್ತು. ಕೆಂಚಪ್ಪನನ್ನು ಕೆಲಸದ ಮೇಲೆ ಮಲಗಿದ ಕಾರಣಕ್ಕೆ ತೆಗೆಯಲಾಗಿದೆ, ಜಾಗದಲ್ಲಿ ದೋಷವಿಲ್ಲವೆಂದು ಓವರ್‌ಸಿಯರ್ ಸ್ವತಃ ಕುಳಿತು ದಾಖಲಿಸಿದ್ದಾರೆ ಎಂದು ಅದರಲ್ಲಿತ್ತು. ಸಹಿ ಮಾತ್ರ ಬಾಕಿ.

ನನ್ನ ಕೆಲಸದ ಜೀವನದಲ್ಲಿ ಯಾರಾದರೂ ನನ್ನ ಡೈರಿಯ ಮಾತನ್ನು ಹಿಡಿದು ತೀರ್ಮಾನ ಮಾಡಿದರೆ ನನಗೆ ಹೆಮ್ಮೆ ಆಗುತ್ತಿತ್ತು. ಅಂದು ಆಗಲಿಲ್ಲ. ನಾನು ಅವರ ಪೆನ್ನು ಕೇಳಿ ತೆಗೆದುಕೊಂಡು, ಆ ನಾಲ್ಕು ಸಾಲುಗಳ ಪಕ್ಕದಲ್ಲಿ "ಈ ಅವಧಿಯಲ್ಲಿ ನಾನು ಕೆಲಸದ ಮೇಲೆ ನಿದ್ದೆಯಲ್ಲಿದ್ದೆ" ಎಂದು ಬರೆದು ಸಹಿ ಮಾಡಿದೆ. ಅವರ ನಿಯಮದ ಪ್ರಕಾರ ಅದು ನನ್ನ ಹೆಸರಿನ ಮುಂದೆ ಮೊದಲ ಎಚ್ಚರಿಕೆ.

ಅವರು ನಂಬಲಿಲ್ಲ. "ಏಮಯ್ಯಾ, ಆಳನ್ನು ಉಳಿಸಲು ಸರ್ಕಾರಿ ಡೈರಿ ತಿದ್ದುತ್ತೀರಾ? ನಿದ್ದೆಯಲ್ಲಿದ್ದರೆ ಇದನ್ನು ಬರೆದವರು ಯಾರು?"

ನನ್ನ ಸಹಿಯ ಶಾಯಿ ಒಣಗಲಿ ಎಂದೋ ಏನೋ, ಅವರು ಹಾಳೆಯನ್ನು ಎತ್ತಿ ಹಿಡಿದರು. ಹಿಂಬದಿಯಲ್ಲೂ ಬರಹವಿದ್ದದ್ದು ಆಗ ಇಬ್ಬರಿಗೂ ಕಂಡಿತು. ಅವರು ಹಾಳೆ ತಿರುಗಿಸಿ ಓದತೊಡಗಿದರು. ಮೊದಲು ಗಟ್ಟಿಯಾಗಿ ಓದಿದರು, ನಂತರ ದನಿ ಇಳಿಯಿತು.

"೧.೩೦. ಕೆಂಚಪ್ಪ ಇಳಿದು ಬಂದ. ಓವರ್‌ಸಿಯರ್ ಪಕ್ಕದಲ್ಲಿ ಮಲಗಿದ. ಈಗ ಇಬ್ಬರೂ ನಿದ್ದೆಯಲ್ಲಿದ್ದಾರೆ. ಏಳುವುದಿಲ್ಲ. ನಾನು ಎಚ್ಚರ."

ಒಂದೂವರೆಗೆ ನಾವಿಬ್ಬರೂ ಹುಣಸೆಮರದ ಕೆಳಗೆ ಇದ್ದುದನ್ನು ಶೇಷಾಚಲಂ ತಮ್ಮ ಕಣ್ಣಿನಿಂದ, ತಮ್ಮದೇ ಗಡಿಯಾರದಲ್ಲಿ ನೋಡಿದ್ದರು. ಡೈರಿ ಒಂದು ಗಂಟೆ ದಾಟಿದ ಸ್ವಲ್ಪ ಹೊತ್ತಿನಿಂದ ಕೆಂಚಪ್ಪನ ಬಗಲಲ್ಲಿತ್ತು, ಅಲ್ಲಿಂದ ಅವರ ಕೈಗೇ ಹೋಗಿತ್ತು. ಅವರು ಇನ್ನೊಮ್ಮೆ ಓದಿದರು. ಮೇಜಿನ ಮೇಲಿದ್ದ ಆದೇಶವನ್ನು ನಾಲ್ಕಾಗಿ ಹರಿದರು. ಬೇರೆ ಕಾಗದ ತೆಗೆದು, ಗೂಡನ್ನು ಅಂದೇ ಬಯಲಿಗೆ ಸಾಗಿಸಬೇಕು, ಕೋಣೆಯ ಬಾಗಿಲಿಗೆ ಕಲ್ಲು ಕಟ್ಟಬೇಕು, ತಗ್ಗಿನಲ್ಲಿ ಕೆಲಸ ಮಾಡುವಾಗ ಹಗ್ಗದ ಜೊತೆ ಇಬ್ಬರು ಇರಲೇಬೇಕು ಎಂದು ಬರೆದರು. ನನ್ನ ಎಚ್ಚರಿಕೆಯನ್ನು ಮಾತ್ರ ತೆಗೆಯಲಿಲ್ಲ. ಅದು ನನ್ನ ಸೇವಾ ಪುಸ್ತಕದಲ್ಲಿ ಕೊನೆಯವರೆಗೂ ಇತ್ತು. ನ್ಯಾಯವಾಗಿಯೇ ಇತ್ತು.

ಹೊಸಬರಿಗೆ ಹೇಳುವುದು ಇಷ್ಟೇ. ಮಲಗಿದವನನ್ನು ಕಂಡರೆ ಮೊದಲು ಅವನನ್ನು ಆ ಜಾಗದಿಂದ ಹೊರಗೆ ತನ್ನಿ. ಬೈಯುವುದು ಗಾಳಿಗೆ ಬಂದ ಮೇಲೂ ಆಗುತ್ತದೆ. ಹಳಬರು ಕಾರಣ ಹೇಳಲಾರದೆ ಮಾಡುವ ಕೆಲಸವನ್ನು ನಿಲ್ಲಿಸುವ ಮೊದಲು ಆ ಕಾರಣವನ್ನು ನೀವೇ ಹುಡುಕಿ.

ಬಂಗಲೆಯಿಂದ ಹೊರಗೆ ಬಂದಾಗ ಕೆಂಚಪ್ಪ ಅಲ್ಲೇ ನಿಂತಿದ್ದ. ಹೆಸರಿನ ಮುಂದೆ ಏನೂ ಬರೆಯುವುದಿಲ್ಲ ಎಂದು ಹೇಳಿದೆ. ಅವನು ಟವಲಿನಿಂದ ಮುಖ ಒರೆಸಿಕೊಂಡ. ಓದಲು ಬಾರದ ಮನುಷ್ಯ. ಒಳಗೆ ಸಾಹೇಬರು ಏನು ಓದಿ ದನಿ ಇಳಿಸಿದರು ಎಂದು ಕೇಳಿದ. ಮುಚ್ಚಿಡಲು ಮನಸ್ಸಾಗಲಿಲ್ಲ. ಕನ್ನಡದಲ್ಲಿ ಹೇಳಿದೆ, ಒಂದು ಮಾತೂ ಬಿಡದೆ.

ನಾವಿಬ್ಬರೂ ಕಾಲುವೆಯ ದಂಡೆಯವರೆಗೆ ನಡೆದೆವು. ಅಲ್ಲಿ ಅವನು ನಿಂತು ಹಿಂದಕ್ಕೆ, ಬಂಡೆಗಳ ಕಡೆಗೆ ಒಮ್ಮೆ ನೋಡಿದ.

"ಹೋಗ್ಲಿ ಬಿಡ್ರಿ ಸಾಹೇಬ್ರ," ಎಂದ. "ನಾವು ಮೂರೂ ಮಂದಿ ಮಲಗಿದಿವಿ. ಅಲ್ಲಿ ಒಬ್ರಾದ್ರೂ ಎಚ್ಚರ ಇದ್ರಲ್ಲ."